ಹೂವಮ್ಮನ ಸವತಿ

ಆನವಟ್ಟಿ ಬಸ್‌ಸ್ಟ್ಯಾಂಡಿನ ಹಿಂದಿನ ಕೇರಿಯಲ್ಲಿ ಹೂವಮ್ಮನ ಬಗ್ಗೆ ಯಾರನ್ನು ಕೇಳಿದರೂ ಮೊದಲು ಒಂದು ಸಲ ಹಿಂದೆ ತಿರುಗಿ ನೋಡುತ್ತಾರೆ. ಅವಳು ಹತ್ತಿರದಲ್ಲಿಲ್ಲ ಅಂತ ಖಾತ್ರಿಯಾದ ಮೇಲೆ, 'ಒಳ್ಳೆಯ ಹೆಂಗಸೇ ಕಣ್ರಿ, ಆದರೆ ಹೊಟ್ಟೆಕಿಚ್ಚು ಮಾತ್ರ ಶಿವನೇ ಬಲ್ಲ' ಅನ್ನುತ್ತಾರೆ. ಮಾತು ಸುಳ್ಳಲ್ಲ. ತೊಗರ್ಸಿಯ ತೌರುಮನೆಯಲ್ಲಿ ತಂಗಿ ಹುಟ್ಟಿದಾಗ ಇವಳನ್ನು ತೊಟ್ಟಿಲ ಹತ್ತಿರ ಬಿಡುತ್ತಿರಲಿಲ್ಲವಂತೆ, ಕೂಸಿನ ಕಾಲಿಗೆ ಹಲ್ಲು ಊರಿದ್ದಳು. ಶಾಲೆಯಲ್ಲಿ ಮೇಷ್ಟ್ರು ಪಕ್ಕದ ಹುಡುಗಿಯ ಅಕ್ಷರ ಚಂದ ಅಂದರೆಂದು ಆ ಹುಡುಗಿಯ ಸ್ಲೇಟು ಎರಡು ಹೋಳು. ದೊಡ್ಡವಳಾದ ಮೇಲೆ ಈ ಗುಣ ಹೋದೀತು ಅಂದುಕೊಂಡರು ಮನೆಯವರು. ಎಲ್ಲಿ ಹೋಗುತ್ತದೆ? ಮದುವೆಯಾಯಿತು, ಹೊಟ್ಟೆಕಿಚ್ಚಿಗೆ ಒಬ್ಬ ಗಂಡಸು ಸಿಕ್ಕಿದ, ಅಷ್ಟೇ.

ಗಂಡ ಸದಾಶಿವಪ್ಪ ಸಂಭಾವಿತ. ಬೇಸಾಯದವರ ಮನೆಯ ಹುಡುಗ. ಅಂಬ್ಲಿಗೊಳದ ನೀರು ಹರಿಯುವ ಕಡೆ ಹೊಲವಿತ್ತು, ಅದನ್ನು ಅಣ್ಣ ಪಂಚಾಕ್ಷರಪ್ಪನ ಕೈಗೆ ಬಿಟ್ಟು, ಮೀಸೆ ಮೂಡುವ ಮೊದಲೇ ಆನವಟ್ಟಿಗೆ ಬಂದು ಮೌನೇಶಾಚಾರ್ರ ಹತ್ತಿರ ಬಂಗಾರದ ಕೆಲಸಕ್ಕೆ ಕೂತ. ಮಣ್ಣು ಕೆದರುವವರ ಮನೆಯವನಿಗೆ ಈ ಕೆಲಸ ಎಲ್ಲಿ ಒಗ್ಗುತ್ತದೆ ಅಂತ ನಕ್ಕವರೆಲ್ಲ ಆಮೇಲೆ ತಮ್ಮ ಹೆಣ್ಣುಮಕ್ಕಳ ಸರ ಅವನ ಕೈಯಲ್ಲೇ ಆಗಲಿ ಅಂತ ಕಾದು ಕೂತರು. ತುಂಡಾದ ಸರವನ್ನು ಅವನು ಕೂಡಿಸಿದರೆ ಬೆಸುಗೆ ಎಲ್ಲಿ ಬಿದ್ದಿದೆ ಅಂತ ಆಚಾರ್ರೇ ಕನ್ನಡಕ ಏರಿಸಿ ಹುಡುಕಬೇಕಿತ್ತು. ಅಂಥ ಕೈ. ಹೂವಮ್ಮನಿಗೆ ಆ ಕೈಯ ಬಗ್ಗೆ ಹೆಮ್ಮೆ ಎಷ್ಟಿತ್ತೋ ಅನುಮಾನವೂ ಅಷ್ಟೇ ಇತ್ತು. ಬಂಗಾರದ ಅಂಗಡಿಗೆ ಬರುವವರೆಲ್ಲ ಹೆಂಗಸರಲ್ಲವೇ! ಕೊರಳ ಅಳತೆ, ಕೈ ಅಳತೆ, ಬೆರಳಿನ ಅಳತೆ ಅಂತ ನೂರೆಂಟು ನೆವ.

ಹಾಗಂತ ಅವಳಿಗೆ ಬರೀ ಅನುಮಾನವೇ ಗೊತ್ತಿತ್ತು ಅನ್ನಬೇಡಿ. ಪ್ರೀತಿಯೂ ಅದೇ ತೂಕದ್ದು. ಗಂಡ ಊಟಕ್ಕೆ ಬರುವ ಹೊತ್ತಿಗೆ ರೊಟ್ಟಿ ಹಂಚಿನಿಂದಲೇ ತಟ್ಟೆಗೆ ಬೀಳಬೇಕು. ಸಂಜೆ ಅವನ ಬೈಕು ತಿರುವಿನಲ್ಲಿ ಸದ್ದು ಮಾಡಿದರೆ ಮುಖ ತೊಳೆದು, ತುರುಬಿಗೆ ಮಲ್ಲಿಗೆ ಮುಡಿದು ನಿಲ್ಲಬೇಕು. ಮಗಳು ಚೈತ್ರ ಮದುವೆಯಾಗಿ ಶಿರಾಳಕೊಪ್ಪಕ್ಕೆ ಹೋದಮೇಲೂ ಈ ಪದ್ಧತಿ ತಪ್ಪಿರಲಿಲ್ಲ. ಸದಾಶಿವಪ್ಪನೂ ಬಾಗಿಲಲ್ಲೇ ನಿಂತು ಮೂಗರಳಿಸಿ, "ಏನ್ ಘಮ ಬಿಟ್ಟೀಯಲೇ ಹೂವಿ" ಅನ್ನುತ್ತಿದ್ದ. ಅಷ್ಟು ಅಂದರೆ ಸಾಕು, ಅವಳಿಗೆ ಹಬ್ಬ.

ಆ ಮಾತು ನಿಂತುಹೋಯಿತು. ಯಾವಾಗ ನಿಂತಿತು ಅಂತ ಅವಳು ದಿನ ಎಣಿಸಿರಲಿಲ್ಲ. ಒಂದು ಸಂಜೆ ಬೇಕಂತಲೇ ಎರಡು ಮೊಳ ಹೆಚ್ಚು ಮುಡಿದು ಅವನ ಮುಂದೆ ಎರಡು ಸಲ ಸುಳಿದಾಡಿದಳು. ಸದಾಶಿವಪ್ಪ ಟವೆಲ್ ಕೇಳಿದ, ಬಚ್ಚಲಿಗೆ ಹೋದ. ಬಂದವನೇ ಮೊದಲು ಬಚ್ಚಲು, ಆಮೇಲೆ ಉಳಿದದ್ದು, ಇದು ಹೊಸ ರೂಢಿ. ಹೊರಗಿನಿಂದ ಬಂದ ಗಂಡಸು ಮೈ ತೊಳೆಯದೆ ಹೆಂಡತಿಯ ಹತ್ತಿರ ಬರುವುದಿಲ್ಲ ಅಂದರೆ ಏನರ್ಥ ಅಂತ ಹೂವಮ್ಮ ಸ್ನಾನದ ನೀರಿನ ಸದ್ದು ಕೇಳುತ್ತ ಯೋಚಿಸಿದಳು. ಇನ್ನೊಂದು ದಿನ ಅವಳು ಹಿತ್ತಲಲ್ಲಿದ್ದಾಗ ಒಲೆಯ ಮೇಲಿನ ಸಾರು ತಳ ಹಿಡಿದು ಕೇರಿಗೆಲ್ಲ ಕಮಟು ವಾಸನೆ. ಪಕ್ಕದ ಮನೆಯ ಲೋಕಮ್ಮ ಓಡಿಬಂದಳು. ಸದಾಶಿವಪ್ಪ ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ!

"ಮೂಗು ಎಲ್ಲಿ ಇಟ್ಟು ಬಂದೀರಿ?" ಅಂದಳು ಹೂವಮ್ಮ.

"ಗೊತ್ತಾಗ್ಲಿಲ್ಲ ಮಾರಾಯ್ತಿ."

"ಗೊತ್ತಾಗಂಗಿಲ್ಲ ಬಿಡ್ರಿ. ಮೈ ಇಲ್ಲಿ ಕುಂತೈತಿ, ಮನಸು ಯಾವ ಮನ್ಯಾಗೆ ಐತೋ!"

ಊಟವೂ ಕೆಟ್ಟಿತು. ಎಣ್ಣೆಗಾಯಿ ಮಾಡಿದರೆ ಒಂದು ತುತ್ತು, ಹೋಳಿಗೆ ಮಾಡಿದರೆ ಅರ್ಧ. ಬಾಯೆಲ್ಲ ತಾಮ್ರದ ಚೊಂಬು ನೆಕ್ಕಿದಂಗೆ ಇರ್ತದೆ ಅನ್ನುತ್ತಿದ್ದ. ಸೊಂಟ ನೋವು, ಕಾಲಿನ ಮೂಳೆ ನೋವು ಅನ್ನುತ್ತಿದ್ದ. ಕೆಮ್ಮು ಜಾಸ್ತಿ, ನಿನ್ನ ನಿದ್ದೆ ಕೆಡ್ತದೆ ಅಂತ ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಹೋದ. ಹೂವಮ್ಮ ಒಬ್ಬಳೇ ಮಲಗಿ ಜಂತೆ ನೋಡಿದಳು. ಉಣ್ಣದ ಗಂಡ ಎಲ್ಲೋ ಉಂಡು ಬರುತ್ತಾನೆ, ಹಾಸಿಗೆ ಬೇರೆ ಮಾಡಿದ ಗಂಡನಿಗೆ ಹಾಸಿಗೆ ಬೇರೆ ಕಡೆ ಇದೆ. ಲೆಕ್ಕ ಸರಿಯಾಗಿ ಕೂಡಿತು.

ಈಗ ಬೇಕಾದ್ದು ಒಂದು ಹೆಸರು. ಅದನ್ನು ದೇವರೇ ಫೋನಿನಲ್ಲಿ ಕಳಿಸಿದ.

ಬೆಳಗ್ಗೆ ಸದಾಶಿವಪ್ಪ ಬಚ್ಚಲಲ್ಲಿದ್ದ. ಅವನ ಮೊಬೈಲು ಬಡಿದುಕೊಂಡಿತು. ಎತ್ತಿ ಕಿವಿಗಿಟ್ಟರೆ ಜೊತೆಗಾರ ಉಜ್ಜಪ್ಪನ ದನಿ. ಸೊರಬದ ಕಡೆಯವನು, ಆಚಾರ್ರ ಬಳಿ ಗಂಡನ ಪಕ್ಕದಲ್ಲೇ ಕೂತು ಕೆಲಸ ಮಾಡುವವನು. ಯಾರು ಎತ್ತಿದರು ಅಂತ ಕೇಳುವ ವ್ಯವಧಾನವೇ ಇಲ್ಲ ಪುಣ್ಯಾತ್ಮನಿಗೆ.

"ಸದಾಶಿವ, ಕಾಡಮ್ಮ ಬಂದ್ಲು ಮಾರಾಯ! ಹುಬ್ಬಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ. ಆಚಾರ್ರು ಒಳಗೆ ಇಟ್ಕಂಡಿದಾರೆ, ಯಾರಿಗೂ ಹೇಳ್ಬೇಡ. ಬೇಗ ಬಾ, ಬಾಗ್ಲು ಹಾಕ್ಕಂಡು ಕೂರೋಣ."

ಹೂವಮ್ಮ ಫೋನು ಇಟ್ಟಳು. ಕಾಡಮ್ಮ! ಹೆಸರು ನೋಡಿ ಅದರದು. ಹುಬ್ಬಳ್ಳಿಯವಳು! ಬಾಗಿಲು ಹಾಕಿಕೊಂಡು! ಮೂವರು ಗಂಡಸರು! ಸದಾಶಿವಪ್ಪ ತಲೆ ಒರೆಸಿಕೊಳ್ಳುತ್ತ ಬಂದು ಯಾರ ಫೋನು ಅಂದ. ಉಜ್ಜಪ್ಪಂದು, ಬೇಗ ಬರ್ಬೇಕಂತೆ ಅಂದಳು. ಅವನ ಮುಖ ಅರಳಿತು. ಹೌದು, ಅರಳಿದ್ದನ್ನು ಅವಳು ಕಣ್ಣಾರೆ ಕಂಡಳು. ಎಷ್ಟೋ ತಿಂಗಳಿಂದ ಇವಳ ಯಾವ ಅಡುಗೆಗೂ, ಯಾವ ಸೀರೆಗೂ ಅರಳದ ಮುಖ. ಇಡ್ಲಿಯನ್ನು ಅರ್ಧಕ್ಕೆ ಬಿಟ್ಟು ಬೈಕು ಹತ್ತಿದ.

ಹೂವಮ್ಮ ಸೆರಗು ಸಿಕ್ಕಿಸಿ ಲೋಕಮ್ಮನ ಮನೆ ಬಾಗಿಲು ಬಡಿದಳು. ಸಾಕ್ಷಿಗೆ ಒಬ್ಬರು ಬೇಕಲ್ಲ. ಲೋಕಮ್ಮನಿಗೆ ಹಾಲು ಕಾಸುವುದಿತ್ತು, ಆದರೆ ಇಂಥ ಕೆಲಸಕ್ಕೆ ಕರೆದರೆ ಯಾರು ಒಲೆಯ ಮುಂದೆ ಕೂರುತ್ತಾರೆ? ಗ್ಯಾಸು ಆರಿಸಿ ಹೊರಟೇಬಿಟ್ಟಳು.

ಆಚಾರ್ರ ಕೆಲಸದ ಕೋಣೆ ಚಪ್ಪಲಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಮೆಟ್ಟಿಲು ಹತ್ತುವಾಗಲೇ ಲೋಕಮ್ಮ, "ಸಮಾಧಾನ, ಹೂವಕ್ಕ" ಅಂದಳು. ಯಾವ ಸಮಾಧಾನ? ಬಾಗಿಲು ಒಳಗಿಂದ ಹಾಕಿತ್ತು. ಹೂವಮ್ಮ ಕೈಯಲ್ಲಿ ಬಡಿಯಲಿಲ್ಲ, ಕಾಲಲ್ಲಿ ಒದ್ದಳು. ಚಿಲಕ ಹಳೆಯದು, ಕಿತ್ತು ಬಂತು.

"ಎಲ್ಲಿ ಅದಾಳ್ರೀ ಆ ಬಿನ್ನಾಣಗಿತ್ತಿ? ಹೊರಗ ಕಳಸ್ರಿ ನಿಮ್ಮ ಕಾಡಮ್ಮನ್ನ! ತಲೆಗೂದಲು ಹಿಡಿದು ಬಸ್‌ಸ್ಟ್ಯಾಂಡ್‌ತನ ಎಳಕೊಂಡು ಹೋಗಲಿಲ್ಲ ಅಂದ್ರ ನಾನು ತೊಗರ್ಸಿ ಮಗಳಲ್ಲ!"

ಒಳಗೆ ಸಣ್ಣ ಕೋಣೆ. ಕಿಟಕಿ ಮುಚ್ಚಿದೆ, ಫ್ಯಾನು ನಿಂತಿದೆ. ಕಂದು ಹಳದಿ ಹೊಗೆ ತಲೆಯ ಮಟ್ಟದಲ್ಲಿ ತೂಗಾಡುತ್ತಿದೆ. ಬನಿಯನ್ನಿನಲ್ಲಿ ಬೆವರುತ್ತ ಮೂವರು ಗಂಡಸರು. ಸದಾಶಿವಪ್ಪನ ಬಾಯಲ್ಲಿ ಊದುಕೊಳವೆ, ಮುಂದೆ ಉರಿ, ಉರಿಯ ತುದಿಯಲ್ಲಿ ಒಂದು ಸರ. ಅವನ ಕಣ್ಣು ಹೆಂಡತಿಯ ಮೇಲೆ, ಬಾಯಿ ಇನ್ನೂ ಕೊಳವೆಯಲ್ಲೇ. ಆಮೇಲೆ ಉಜ್ಜಪ್ಪನಿಗೆ ಅರ್ಥವಾಯಿತು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮು ಕೆಮ್ಮಿ ಗೋಡೆಗೆ ಒರಗಿದ.

"ಕೈ ಹಿಡಿ ಹೂವಕ್ಕ" ಅಂತ ಡಬ್ಬಿಯಿಂದ ಒಂದು ಕಡ್ಡಿ ತೆಗೆದು ಅವಳ ಅಂಗೈಗೆ ಇಟ್ಟ. ಬಿಳಿ, ಸ್ವಲ್ಪ ನೀಲಿ ಹೊಳಪು, ಬೆರಳುದ್ದ. "ಇಗಾ, ಇವಳೇ ಕಾಡಮ್ಮ. ಎಳೀ ಬಸ್‌ಸ್ಟ್ಯಾಂಡ್‌ವರೆಗೂ."

ಆಚಾರ್ರು ನಗು ತಡೆದು ಬಿಡಿಸಿ ಹೇಳಿದರು. ಇದು ಕ್ಯಾಡ್ಮಿಯಂ ಅಂತ ಒಂದು ಲೋಹ. ಚೂರು ಬೆರೆಸಿದರೆ ಬಂಗಾರದ ಬೆಸುಗೆ ನೀರಿನ ಹಾಗೆ ಹರಿಯುತ್ತದೆ, ಕಲೆ ಕಾಣುವುದಿಲ್ಲ. ಹಾಲ್‌ಮಾರ್ಕಿನ ಕಾಲ ಬಂದ ಮೇಲೆ ಇದು ನಡೆಯಂಗಿಲ್ಲ, ಆದರೆ ಹಳೆಯ ಗಿರಾಕಿಗಳು ಅದೇ ಬೆಸುಗೆ ಬೇಕು ಅನ್ನುತ್ತಾರೆ. ಫೋನಿನಲ್ಲಿ ಬಾಯಿ ಬಿಟ್ಟು ಹೇಳಬಾರದಲ್ಲ, ಅದಕ್ಕೇ ಕಾಡಮ್ಮ ಅಂತ ಇಟ್ಟುಕೊಂಡಿದ್ದು.

"ನಿನ್ನ ಕೊರಳಾಗಿನ ಸರ ಯಾವುದವ್ವ?" ಅಂದರು ಆಚಾರ್ರು.

"ಕೆಡಿಎಂ" ಅಂದಳು ಹೂವಮ್ಮ. ಆ ಮಾತನ್ನು ಕೇರಿಯಲ್ಲಿ ಎಷ್ಟು ಸಲ ಎದೆಯುಬ್ಬಿಸಿ ಹೇಳಿದ್ದಳೋ. ನಮ್ಮದು ಅಂತಿಂಥದ್ದಲ್ಲ, ಕೆಡಿಎಂ. ಅದು ಅಪರಂಜಿಗಿಂತ ಮೇಲಿನ ಯಾವುದೋ ಬಂಗಾರದ ಹೆಸರು ಅಂತಲೇ ತಿಳಿದಿದ್ದಳು, ಕೇರಿಯೂ ಹಾಗೇ ತಿಳಿದಿತ್ತು.

"ಆ ಕೆಡಿಎಂ ಅಂದ್ರೆ ಇವಳೇ. ಮದುವೆ ದಿನದಿಂದ ಕೊರಳಿಗೆ ಹಾಕ್ಕೊಂಡು ತಿರುಗ್ತಾ ಇದೀಯ."

ಲೋಕಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಹೂವಮ್ಮನ ಮುಖ ನಾಚಿಕೆಯಿಂದ ಕೆಂಪಾಯಿತು, ಆದರೆ ಎದೆಯೊಳಗೆ ಹಾಲು ಕುಡಿದಷ್ಟು ಸಂತೋಷ. ಹೆಂಗಸಲ್ಲ! ಹುಬ್ಬಳ್ಳಿಯಲ್ಲಿ ಯಾರೂ ಇಲ್ಲ! ಅಷ್ಟರಲ್ಲಿ ಆ ಹೊಗೆ ಗಂಟಲಿಗೆ ಹೊಕ್ಕು ಅವಳಿಗೂ ಕೆಮ್ಮು ಬಂತು.

"ಬಾಗಿಲು ಹಾಕ್ಕೊಂಡು ಹೋಗ್ರವ್ವ, ಉರಿ ಅಲ್ಲಾಡ್ತದೆ" ಅಂದರು ಆಚಾರ್ರು.

ಚಿಲಕ ಮುರಿದಿತ್ತು. ಹೂವಮ್ಮ ಬಾಗಿಲನ್ನು ಹೊರಗಿಂದ ಬಲವಾಗಿ ಎಳೆದು, ಸಂದು ಬಿಡದ ಹಾಗೆ ಒಂದು ಗೋಣಿಚೀಲ ಮಡಿಸಿ ಕೆಳಗೆ ಒತ್ತಿ ಬಂದಳು. ಗಂಡನ ಕೆಲಸ ಕೆಡಬಾರದಲ್ಲ.

ಊರು ವಾರಗಟ್ಟಲೆ ನಕ್ಕಿತು. ತರಕಾರಿಯವಳು ಕೂಡ, "ಕಾಡಮ್ಮ ಚೆನ್ನಾಗಿದಾಳಾ?" ಅಂತ ಕೇಳಿ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದಳು. ಹೂವಮ್ಮ ಸಿಟ್ಟಾಗಲಿಲ್ಲ, ತಾನೂ ಸೇರಿಕೊಂಡಳು. ಸಂಜೆ ಗಂಡ ಬಂದರೆ, "ಹೆಂಗ್ ಅದಾಳ್ರೀ ನನ್ನ ಸವತಿ?" ಅನ್ನುವುದು, ಅವನು "ಮೈ ಬಿಸಿ ಆಗ್ಯಾಳ" ಅನ್ನುವುದು. ಇಬ್ಬರೂ ನಗುವುದು. ನಗುವಿನ ಕೊನೆಗೆ ಅವನಿಗೆ ಕೆಮ್ಮು.

ಒಂದು ಭಾನುವಾರ ಸದಾಶಿವಪ್ಪ ಕಟ್ಟೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದ. ಮೆಲ್ಲಗೆ ಮಾತು ತೆಗೆದ.

"ಹೂವಿ, ಈ ಕೆಲಸ ಬಿಟ್ಟುಬಿಡ್ಲೇನು? ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತೈತಿ. ಅಣ್ಣ ಕರೀತಾ ಅದಾನ. ಹೊಲದಾಗೆ ಜೋಳ ಹಾಕಿ, ಎರಡು ಎಮ್ಮೆ ಕಟ್ಟಿಕೊಂಡು ಇರೋಣ ಅಂತಾನ. ಅಲ್ಲಿ ಗಾಳಿನಾರ ಚೆನ್ನಾಗಿ ಬರ್ತೈತಿ."

ಅಣ್ಣನ ಮನೆ ಅಂದರೆ ಅಣ್ಣನ ಹೆಂಡತಿ. ಹೂವಮ್ಮನ ನೆಗೆಣ್ಣಿ. ಮಾತಿನಲ್ಲಿ ಬೆಣ್ಣೆ, ಬಣ್ಣದಲ್ಲಿ ಇವಳಿಗಿಂತ ಒಂದು ಕೈ ಮೇಲು. ಹೊಸದಾಗಿ ಮದುವೆಯಾದಾಗ ಸದಾಶಿವಪ್ಪ ಆಕೆಯ ರೊಟ್ಟಿ ತಿಂದು, ಅತ್ತಿಗೆ ರೊಟ್ಟಿ ಅಂದ್ರೆ ರೊಟ್ಟಿ ಅಂದಿದ್ದ. ಪಾಪ, ಬಾಯಿ ತಪ್ಪಿ ಬಂದ ಮಾತು. ಅದು ಹೂವಮ್ಮನ ಎದೆಯಲ್ಲಿ ಅವತ್ತಿನಿಂದ ಮುಳ್ಳಾಗಿ ಕೂತಿತ್ತು. ಈಗ ದಿನವೂ ಆ ರೊಟ್ಟಿ, ಅದೇ ಅಂಗಳ, ಬೆಳಗೆದ್ದರೆ ಅದೇ ಮುಖ!

"ಗಾಳಿ ಅಲ್ಲ ನಿಮಗ ಬೇಕಾಗಿರೋದು, ರೊಟ್ಟಿ" ಅಂದಳು. "ನನಗ ಎಲ್ಲಾ ತಿಳೀತೈತಿ. ಆ ಮಾಟಗಾತಿ ಕೈಯಾಗ ನಿಮ್ಮನ್ನ ಕೊಡೋಕಿಂತ ಕಾಡಮ್ಮನ ಕೈಯಾಗ ಕೊಡೋದೇ ವಾಸಿ. ಅವಳಿಗೆ ಮೂಗು ಇಲ್ಲ, ಮಕ ಇಲ್ಲ, ರೊಟ್ಟಿ ಬಡಿಯೋಕೆ ಬರಂಗಿಲ್ಲ. ಸುಮ್ಮನ ಕೆಲಸಕ್ಕ ಹೋಗ್ರಿ."

ಸದಾಶಿವಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಸಂಭಾವಿತರ ಗೋಳೇ ಇದು, ಎರಡನೇ ಸಲ ಕೇಳುವುದಿಲ್ಲ.

ಮಾಘ ಮಾಸದಲ್ಲಿ ಮದುವೆಗಳ ಜೋರು. ಶಿಕಾರಿಪುರದ ದೊಡ್ಡ ಮನೆಯವರು ಅಜ್ಜಿಯ ಕಾಲದ ಹಳೆಯ ಒಡವೆಗಳನ್ನು ತಂದು, ಮೂವರು ಸೊಸೆಯರಿಗೆ ಅದರಲ್ಲೇ ಸರ ಮಾಡಿಕೊಡಿ, ಬೆಸುಗೆ ಕಾಣಬಾರದು ಅಂದರು. ಉಜ್ಜಪ್ಪ ಮಗಳ ಬಾಣಂತನಕ್ಕೆ ಸೊರಬಕ್ಕೆ ಹೋಗಿದ್ದ, ಆಚಾರ್ರಿಗೆ ಗಿರಾಕಿಗಳ ಮನೆಗಳ ಓಡಾಟ. ಸದಾಶಿವಪ್ಪ ಒಬ್ಬನೇ ಕೂತ. ಬೆಳಗ್ಗಿನಿಂದ ಸಂಜೆಯವರೆಗೆ, ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಕೊಂಡಿಗೆ ಕೊಂಡಿ. ಸಂಜೆ ಮನೆಗೆ ಬಂದಾಗ ಮೈ ಸುಡುತ್ತಿತ್ತು. ಚಳಿ ಅಂದ. ಫ್ಲೂ ಜ್ವರ ಅಂತ ಹೂವಮ್ಮ ಶುಂಠಿ ಕಷಾಯ ಕುಡಿಸಿ ಎರಡು ಕಂಬಳಿ ಹೊದಿಸಿದಳು. ಬೆಳಕು ಹರಿಯುವ ಹೊತ್ತಿಗೆ ಅವನು ಹಾಸಿಗೆಯ ಮೇಲೆ ಎದ್ದು ಕೂತು, ಎರಡೂ ಕೈ ಊರಿ, ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿದ್ದ. ತುಟಿ ನೀಲಿ. ಹೂವಿ ಅನ್ನಲೂ ಉಸಿರಿಲ್ಲ.

ಆಂಬುಲೆನ್ಸಿನಲ್ಲಿ ಶಿವಮೊಗ್ಗ. ಆಸ್ಪತ್ರೆಯಲ್ಲಿ ಮುಖಕ್ಕೆ ಆಕ್ಸಿಜನ್ ಕಟ್ಟಿದರು, ಒಳಗಿನ ಕೋಣೆಗೆ ಒಯ್ದರು. ಗಾಜಿನ ಬಾಗಿಲ ಹೊರಗೆ ನಿಂತು ಹೂವಮ್ಮ ಒಳಗೆ ಇಣುಕಿದಳು. ಡಾಕ್ಟರು ಹೆಣ್ಣುಮಗಳು, ಚಿಕ್ಕ ವಯಸ್ಸು. ಗಂಡನ ಎದೆಯ ಮೇಲೆ ಕೈಯಿಟ್ಟು ಬಾಗಿದ್ದಳು. ಇಷ್ಟು ಹೆದರಿಕೆಯ ನಡುವೆಯೂ ಹೂವಮ್ಮನ ಹೊಟ್ಟೆಯಲ್ಲಿ ಏನೋ ಚುಳ್ ಅಂದಿತು. ಥೂ ನನ್ನ ಜನ್ಮಕ್ಕೆ ಅಂತ ತನಗೆ ತಾನೇ ಬೈದುಕೊಂಡಳು.

ಜೀವ ಉಳಿಯಿತು. ಉಳಿಯುತ್ತದೆ ಅಂತ ಗೊತ್ತಾಗಲು ಸುಮಾರು ದಿನ ಹಿಡಿಯಿತು. ಆಮೇಲೆ ಡಾಕ್ಟರು ಹೂವಮ್ಮನನ್ನು ಕೂರಿಸಿಕೊಂಡು, ಇವರು ಏನು ಕೆಲಸ ಮಾಡುತ್ತಾರೆ ಅಂತ ಕೇಳಿದರು.

"ಬಂಗಾರದ ಕೆಲಸ ರೀ."

"ಬೆಸುಗೆಗೆ ಏನು ಹಾಕ್ತಾರೆ?"

"ಕಾಡಮ್ಮ" ಅಂದಳು ಹೂವಮ್ಮ. ಅಭ್ಯಾಸಬಲ.

"ಯಾರು?"

"ಅದೇ ರೀ, ಕೆಡಿಎಂ."

ಡಾಕ್ಟರು ಪೆನ್ನು ಕೆಳಗಿಟ್ಟರು. ಎಷ್ಟು ವರ್ಷದಿಂದ ಅಂತ ಕೇಳಿದರು. ನಮ್ಮ ಮದುವೆಗಿಂತ ಮೊದಲಿನಿಂದ ಅಂದಳು. ವಾಸನೆ ತಿಳಿಯುತ್ತದಾ ಇವರಿಗೆ ಅಂತ ಕೇಳಿದರು. ಹೂವಮ್ಮನಿಗೆ ತಳ ಹಿಡಿದ ಸಾರು ನೆನಪಾಯಿತು. ಮೂಳೆ ನೋವು? ಊಟ ಸೇರದಿರುವುದು? ಬಾಯಿ ಲೋಹದ ಹಾಗೆ ಅನ್ನಿಸುವುದು? ಒಂದೊಂದಾಗಿ ಹೌದು ಅನ್ನುತ್ತ ಹೋದಳು. ಅವಳು ಬೇರೊಬ್ಬಳ ಗುರುತು ಅಂತ ಕೂಡಿಟ್ಟುಕೊಂಡಿದ್ದ ಸಾಕ್ಷಿಗಳನ್ನೆಲ್ಲ ಈ ಹುಡುಗಿ ಮೊದಲೇ ಬಲ್ಲವಳ ಹಾಗೆ ಹೇಳುತ್ತಿದ್ದಳು.

"ನೋಡಿ ಅಮ್ಮ, ಅದು ಕಾದರೆ ಹೊಗೆ ಆಗ್ತದೆ. ಹೊಗೆ ಪುಪ್ಪುಸಕ್ಕೆ ಹೋಗಿ ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ. ಆ ದಿನ ಒಂದೇ ಸಲಕ್ಕೆ ಬಹಳ ಹೋಗಿದೆ, ಅದಕ್ಕೆ ಹೀಗಾಯ್ತು. ಆದರೆ ಇಷ್ಟು ವರ್ಷ ಚೂರು ಚೂರು ಹೋಗಿದ್ದು ಒಳಗೇ ಕೂತಿದೆ. ಪುಪ್ಪುಸ ಅರ್ಧ ಕೆಟ್ಟಿದೆ, ಕಿಡ್ನಿ ಸೋರೋಕೆ ಶುರುವಾಗಿದೆ, ಮೂಳೆ ಸವೀತಾ ಇದೆ."

ಹೂವಮ್ಮನ ಕೈ ತಾನಾಗಿಯೇ ಕೊರಳಿನ ಸರಕ್ಕೆ ಹೋಯಿತು. ಡಾಕ್ಟರು ಕಂಡರು.

"ಹಾಕ್ಕೊಂಡವರಿಗೆ ಅದರಿಂದ ಏನೂ ಆಗಲ್ಲ, ಹೆದರಬೇಡಿ. ಕಾಯಿಸಿ ಊದಿದವರಿಗೇ ಅದು ವಿಷ."

"ಹೊರಗ ಹಾಕೋಕೆ ಔಷಧ ಕೊಡ್ರಿ" ಅಂದಳು ಹೂವಮ್ಮ. "ಏನಾದ್ರೂ ಕೊಡ್ರಿ. ಭೇದಿ ಆಗಲಿ, ವಾಂತಿ ಆಗಲಿ."

"ಹಾಗೆ ತೆಗೆಯೋ ಔಷಧಿ ಇಲ್ಲಮ್ಮ. ಕಿಡ್ನಿಯಲ್ಲಿ ಕೂತದ್ದು ಇಪ್ಪತ್ತು, ಮೂವತ್ತು ವರ್ಷ ಆದರೂ ಪೂರ್ತಿ ಹೋಗಲ್ಲ. ಇವರ ಜೊತೆಗೇ ಇರ್ತದೆ. ಇನ್ನು ಮುಂದೆ ಒಂದು ಚೂರೂ ಒಳಗೆ ಹೋಗಬಾರದು, ನಮ್ಮ ಕೈಲಿ ಇರೋದು ಅಷ್ಟೇ. ಮತ್ತೆ ಆ ಹೊಗೆ ಮುಂದೆ ಕೂತರೆ ನಾನು ಉಳಿಸಿಕೊಡೋಕೆ ಆಗಲ್ಲ."

ಬಸ್ಸಿನಲ್ಲಿ ಊರಿಗೆ ಮರಳುವಾಗ ಹೂವಮ್ಮ ಕಿಟಕಿ ತೆರೆದಿಟ್ಟು ಗಂಡನನ್ನು ಆ ಪಕ್ಕ ಕೂರಿಸಿದಳು. ಅಣ್ಣ ಹೊಲಕ್ಕೆ ಕರೆದಾಗ ಬೇಡ ಅಂದವಳು ತಾನು. ಬಾಗಿಲ ಸಂದಿಗೆ ಗೋಣಿಚೀಲ ಒತ್ತಿದವಳೂ ತಾನೇ. ಅಳು ಬರಬೇಕಿತ್ತು, ಬರಲಿಲ್ಲ. ಬಂದದ್ದು ಸಿಟ್ಟು. ಒಬ್ಬ ಹೆಂಗಸಾಗಿದ್ದರೆ! ಹೆಂಗಸಾಗಿದ್ದರೆ ಜುಟ್ಟು ಹಿಡಿಯಬಹುದಿತ್ತು, ಪಂಚಾಯ್ತಿ ಸೇರಿಸಬಹುದಿತ್ತು, ಕಾಲಿಗೆ ಬಿದ್ದು ನನ್ನ ಗಂಡನನ್ನು ಬಿಟ್ಟುಕೊಡು ಅಂತ ಬೇಡಬಹುದಿತ್ತು. ಹೆಂಗಸಿಗೆ ವಯಸ್ಸಾಗುತ್ತದೆ, ಗಂಡಸಿಗೆ ಬೇಸರ ಬರುತ್ತದೆ. ಇದು ಅವನ ಸೊಂಟದ ಹಿಂದೆ, ಚರ್ಮದೊಳಗೆ, ತಾನು ಕೈಯಿಟ್ಟು ನೀವಿದರೂ ಸಿಗದ ಜಾಗದಲ್ಲಿ ಮನೆ ಮಾಡಿಕೊಂಡು ಕೂತಿದೆ. ಇಷ್ಟು ವರ್ಷದ ಹೆಂಡತಿಗೂ ಸಿಗದ ಜಾಗ.

ಮನೆಗೆ ಬಂದು ತಿಂಗಳಾಗುವಷ್ಟರಲ್ಲಿ ಆಚಾರ್ರು ಹಣ್ಣು ಹಿಡಿದು ನೋಡಲು ಬಂದರು. ಕೆಟ್ಟ ಮನುಷ್ಯರಲ್ಲ ಅವರೂ. ಮಾತಿನ ನಡುನಡುವೆ ಕೆಮ್ಮುತ್ತಿದ್ದರು, ನಮ್ಮಪ್ಪನೂ ಇದರಲ್ಲೇ ಕೈ ಸವೆಸಿದ, ನಾನೂ ಇದರಲ್ಲೇ ಅಂದರು. ಕೊನೆಗೆ ವಿಷಯಕ್ಕೆ ಬಂದರು. ಶಿಕಾರಿಪುರದವರ ಮೂರನೇ ಸೊಸೆಯ ಸರ ಅರ್ಧಕ್ಕೆ ನಿಂತಿದೆ. ಉಜ್ಜಪ್ಪ ಬೆಸುಗೆ ಹಾಕಿದ, ಗಂಟು ಕಾಣುತ್ತದೆ ಅಂತ ಅವರು ವಾಪಸ್ಸು ಕಳಿಸಿದರು.

"ಕಿಟಕಿ ತೆಗೆದಿಡ್ತೀನಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ. ಇದೊಂದು ಸರ ಸಾಕು ಮಾರಾಯ್ತಿ, ಆಮೇಲೆ ನಾನೇ ಕರೆಯಲ್ಲ."

"ಆಗಂಗಿಲ್ಲ ಆಚಾರ್ರೆ" ಅಂದಳು ಹೂವಮ್ಮ. "ಬೇಕಾದ್ರ ನನ್ನ ಸರ ಕರಗಿಸಿ ಅವರಿಗೆ ಕೊಡ್ರಿ. ಇವರು ಬರಂಗಿಲ್ಲ."

ಆಚಾರ್ರು ತಲೆ ತಗ್ಗಿಸಿ ಎದ್ದು ಹೋದರು. ಗೆದ್ದೆ ಅಂದುಕೊಂಡು ಹೂವಮ್ಮ ಒಳಗೆ ತಿರುಗಿ ನೋಡಿದರೆ ಸದಾಶಿವಪ್ಪ ಕನ್ನಡಿಯ ಮುಂದೆ. ತಲೆ ಬಾಚುತ್ತಿದ್ದ. ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟಿದ್ದ, ಮೀಸೆಯ ತುದಿ ಸರಿ ಮಾಡಿಕೊಂಡ. ಆಸ್ಪತ್ರೆಯಿಂದ ಬಂದಮೇಲೆ ಇವಳೇ ಹಿಂಸೆ ಮಾಡಿ ತಲೆ ಬಾಚಬೇಕಿತ್ತು.

"ಎಲ್ಲಿಗ್ರೀ?"

"ಈಗ ಬಂದೆ."

"ಎಲ್ಲಿಗೆ ಅಂದೆ."

"ಇದೊಂದು ಸರ ಹೂವಿ. ಗಂಟು ಕಾಣ್ತೈತಂತ. ನಾನು ಇನ್ನೂ ಬದುಕಿರೋವಾಗ ನಮ್ಮ ಅಂಗಡಿ ಸರದಾಗ ಗಂಟು ಕಾಣ್ತೈತಿ ಅಂದ್ರೆ..." ಮಾತು ಮುಗಿಸಲು ಉಸಿರು ಸಾಲಲಿಲ್ಲ, ನಿಂತು ಎಳೆದುಕೊಂಡ.

"ಡಾಕ್ಟರು ಅಂದಿದ್ದು ಕೇಳಿಲ್ಲೇನು ನೀವು? ಅದು ನಿಮ್ಮನ್ನ ತಿಂದು ಹಾಕೈತ್ರೀ!"

"ಗೊತ್ತೈತಿ. ಆದ್ರ ಅದು ಇಲ್ದೆ ನಾನು ಯಾರು ಹೇಳು? ಹೊಲದವರ ಮನೆ ಸದಾಶಿವ. ಅದು ಉರಿ ಮ್ಯಾಲೆ ಕರಗಿ ಕೊಂಡಿ ಒಳಗ ಓಡ್ತೈತಲ್ಲ, ಆ ಒಂದು ಗಳಿಗೆ... ನಿನಗ ಹೆಂಗ್ ಹೇಳ್ಲಿ. ಆಗ ನನಗ ಏನೂ ಬ್ಯಾಡ ಅನ್ನಿಸ್ತೈತಿ. ಮನೆ, ಮಠ, ಏನೂ ನೆನಪಿರಂಗಿಲ್ಲ."

"ನಾನೂ?" ಅಂದಳು ಹೂವಮ್ಮ.

ಅವನು ಸುಳ್ಳು ಹೇಳಲು ಬಾರದ ಮನುಷ್ಯ. ನೆಲ ನೋಡಿದ.

ಹೂವಮ್ಮನ ಎದೆಯಲ್ಲಿ ಇಷ್ಟು ದಿನ ನಗೆಪಾಟಲಾಗಿ ಸತ್ತಿದ್ದ ಕಿಚ್ಚು ಧಗ್ಗಂತ ಎದ್ದಿತು. ಊರೆಲ್ಲ ಸೇರಿ ನಕ್ಕರಲ್ಲ, ಹುಚ್ಚಿ, ಕಡ್ಡಿಯನ್ನು ಹೆಂಗಸು ಅಂದುಕೊಂಡಳು ಅಂತ. ತಾನೂ ಅವರ ಜೊತೆ ನಕ್ಕಿದ್ದಳಲ್ಲ! ತಾನು ತಪ್ಪು ತಿಳಿದಿರಲೇ ಇಲ್ಲ. ಇವನ ಮನಸ್ಸು ಹೋದದ್ದು ನಿಜ, ಅದು ಕಾಡಮ್ಮನ ಹತ್ತಿರವೇ ಇದ್ದದ್ದೂ ನಿಜ. ಬಾಗಿಲಿಗೆ ಅಡ್ಡ ನಿಲ್ಲಬೇಕು ಅಂದುಕೊಂಡಳು, ಕಾಲು ಹಿಡಿಯಬೇಕು ಅಂದುಕೊಂಡಳು, ಎರಡೂ ಮಾಡಲಿಲ್ಲ. ಪಕ್ಕಕ್ಕೆ ಸರಿದಳು.

"ಹೋಗ್ರಿ. ಅವಳೇ ಬೇಕಂದ್ರ ಹೋಗ್ರಿ. ಸತ್ತಮೇಲೂ ಅವಳೇ ಬಂದು ಬಾಯಿಗೆ ನೀರು ಬಿಡ್ಲಿ."

ಸದಾಶಿವಪ್ಪ ಮೆಟ್ಟಿಲಿಳಿದ. ಹಳೆಯ ಬೈಕು, ಕಾಲಲ್ಲೇ ಒದೆಯಬೇಕು. ಒದ್ದ. ಸ್ಟಾರ್ಟ್ ಆಗಲಿಲ್ಲ. ಇನ್ನೊಂದು ಸಲ ಒದ್ದು ಹ್ಯಾಂಡಲ್ಲಿನ ಮೇಲೆ ಬಗ್ಗಿ ನಿಂತುಬಿಟ್ಟ. ಎದೆಯಲ್ಲಿ ಸೀಟಿ ಊದಿದಂಥ ಸದ್ದು. ಮತ್ತೆ ಕಾಲೆತ್ತಿದ, ಕಾಲು ಪೆಡಲಿನಿಂದ ಜಾರಿತು. ಬೈಕಿಗೆ ಆತುಕೊಂಡು ಮೆಲ್ಲಗೆ ಮೆಟ್ಟಿಲ ಮೇಲೆ ಕೂತ. ನೀಲಿ ಅಂಗಿ ಬೆನ್ನಿಗೆ ಅಂಟಿತ್ತು. ಪಕ್ಕದ ಮನೆಯ ಜಗಲಿಯಿಂದ ಲೋಕಮ್ಮ ನೋಡುತ್ತಿದ್ದಳು, ಈ ಸಲ ನಗಲಿಲ್ಲ.

ಹೂವಮ್ಮ ಹೊಸ್ತಿಲಲ್ಲೇ ನಿಂತಳು. ಸಿಟ್ಟು ಇಳಿಯಲಿಲ್ಲ. ಬಿಟ್ಟು ಹೋಗಲಾರ ಅಂತ ಗೊತ್ತಾಯಿತು, ಆದರೆ ಇದು ತನಗಾಗಿ ಉಳಿದದ್ದಲ್ಲ. ಕಾಡಮ್ಮನ ಹತ್ತಿರ ಹೋಗುವಷ್ಟು ಉಸಿರನ್ನೂ ಆ ಕಾಡಮ್ಮನೇ ಬಿಟ್ಟಿರಲಿಲ್ಲ. ಬಳಸಿ ಮುಗಿಸಿದ ಮೇಲೆ ಉಳಿದ ಗಂಡ ತನ್ನ ಪಾಲಿಗೆ. ಅಷ್ಟಾದರೂ ಬೇಕು ಅನ್ನಿಸಿತಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಇಳಿದು ಬಂದು ಅವನ ಕಂಕುಳಿಗೆ ಕೈ ಹಾಕಿದಳು. ಬೀದಿಯ ಮುಂದೆ, ಎಲ್ಲರೂ ನೋಡುವಾಗ, ಅವನು ತಲೆಯನ್ನು ಅವಳ ಭುಜಕ್ಕೆ ಆನಿಸಿದ. ಉಸಿರು ಹದಕ್ಕೆ ಬರುವವರೆಗೂ ಅವಳು ಅಲ್ಲಾಡಲಿಲ್ಲ.

"ಏಳ್ರಿ" ಅಂದಳು ಆಮೇಲೆ, ಕಾಡಮ್ಮ ಮನೆ ಮಾಡಿಕೊಂಡಿದ್ದ ಸೊಂಟಕ್ಕೆ ಕೈ ಕೊಟ್ಟು. "ಒಳಗ ಬರ್ರಿ. ಇಬ್ರೂ ಬರ್ರಿ."